ಸೋಮವಾರದ ಅಚ್ಚು

ಯುದ್ಧದ ಎರಡನೇ ವರ್ಷ ಸರ್ಕಾರಕ್ಕೆ ಒಂದು ದೊಡ್ಡ ಸತ್ಯ ಹೊಳೆಯಿತು: ಬಿಸಿ ಬ್ರೆಡ್ಡಾದರೆ ಜನ ಜಾಸ್ತಿ ತಿನ್ನುತ್ತಾರೆ. ಅದೇ ಬ್ರೆಡ್ಡು ಒಂದು ರಾತ್ರಿ ಕಳೆದು ಒರಟಾದರೆ, ಹೊಟ್ಟೆ ತುಂಬುವ ಮೊದಲೇ ದವಡೆ ಸೋಲುತ್ತದೆ, ಹಿಟ್ಟು ಉಳಿಯುತ್ತದೆ. ಹಾಗಾಗಿ ಆಜ್ಞೆ ಹೊರಟಿತು. ಬೇಯಿಸಿದ ದಿನ ಬ್ರೆಡ್ಡು ಮಾರುವಂತಿಲ್ಲ, ಮಾರನೆಯ ದಿನವೇ ಮಾರಬೇಕು. ಯಾರೂ ಕಣ್ಣಿಗೆ ಮಣ್ಣೆರಚಬಾರದೆಂದು ಒಂದೊಂದು ಬ್ರೆಡ್ಡಿನ ನೆತ್ತಿಯ ಮೇಲೂ ಅದು ಬೆಂದ ವಾರದ ಹೆಸರು ಒತ್ತಿರಬೇಕು. ಇಲಾಖೆಯವರು ತಗಡಿನ ಆರು ಅಚ್ಚುಗಳನ್ನು ಅಂಗಡಿ ಅಂಗಡಿಗೆ ಹಂಚಿ ಹೋದರು. ಭಾನುವಾರ ಭಟ್ಟಿಗೂ ರಜೆ, ಹೊಟ್ಟೆಗೂ ರಜೆ.

ಆಜ್ಞೆ ಮಾಡಿದವರು ವಾಸನೆಯ ವಿಷಯ ಮರೆತಿದ್ದರು. ದಿನಾ ಮಧ್ಯಾಹ್ನ ಬೇಕರಿಯ ಹೊಗೆಕೊಳವೆಯಿಂದ ಹೊರಟ ಬಿಸಿ ಬ್ರೆಡ್ಡಿನ ಘಮ ಇಡೀ ಬೀದಿಯನ್ನು ಕೊರಳಪಟ್ಟಿ ಹಿಡಿದು ಎಳೆಯುತ್ತಿತ್ತು. ಮಾರುವಂತಿಲ್ಲ, ಕೊಳ್ಳುವಂತಿಲ್ಲ, ಮೂಸಲು ಮಾತ್ರ ರೇಷನ್ ಕೂಪನ್ ಬೇಕಿಲ್ಲ. ಇಸ್ತ್ರಿ ಅಂಗಡಿಯವಳು ನಿನ್ನೆಯ ಒಣ ಚೂರನ್ನು ಕೈಯಲ್ಲಿ ಹಿಡಿದು ಬೇಕರಿಯ ಹಿಂಗೋಡೆಗೆ ಒರಗಿ ನಿಲ್ಲುತ್ತಿದ್ದಳು. "ವಾಸನೆ ಇವತ್ತಿಂದು, ಬ್ರೆಡ್ಡು ನಿನ್ನೆದು. ಎರಡೂ ಸೇರಿಸ್ಕೊಂಡು ತಿಂತಾ ಇದೀನಿ," ಎನ್ನುತ್ತಿದ್ದಳು.

ಈ ಬೇಕರಿ ನಡೆಸುವವರು ಗಂಡಹೆಂಡತಿ. ಭಟ್ಟಿ ಗಂಡನದು, ಗಲ್ಲೆ ಹೆಂಡತಿಯದು. ಬೀದಿಗೆಲ್ಲ ಅವಳು ಬೇಕರಿಯಕ್ಕ. ಅಚ್ಚು ಒತ್ತುವ ಕೆಲಸ ಮೊದಲು ಅವಳ ಮೈದುನನದಾಗಿತ್ತು. ಅವನನ್ನು ದಂಡಿಗೆ ಕರೆಸಿಕೊಂಡ ಮೇಲೆ ಅದೂ ಅವಳ ಪಾಲಿಗೆ ಬಂತು. ಗಂಡನನ್ನು ಮಾತ್ರ ಕರೆದಿರಲಿಲ್ಲ. ದಂಡಿನ ಕಚೇರಿಯ ಅಧಿಕಾರಿ ಅವನ ಅಂಗೈಯ ಸುಟ್ಟ ಗಾಯಗಳನ್ನು ನೋಡಿ, "ನಿಮ್ಮ ಭಟ್ಟಿ ಉರಿಯೋವರೆಗೂ ನಿಮಗೆ ವಿನಾಯಿತಿ. ಆರಿದ ದಿನ ಇಲ್ಲಿಗೆ ಬನ್ನಿ," ಎಂದಿದ್ದ. ಅದನ್ನು ಕೇಳಿದಾಗಿನಿಂದ ಬೇಕರಿಯಕ್ಕ ಭಟ್ಟಿಯನ್ನು ಜ್ವರ ಬಂದ ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದಳು. ಸೌದೆ ಹಸಿ ಇದ್ದರೆ ಜೀವ ಹಾರುತ್ತಿತ್ತು. ಹಿಟ್ಟಿನ ಗಾಡಿ ತಡವಾದರೆ ನಿಂತಲ್ಲಿ ನಿಲ್ಲಲಾರಳು, ಕೂತಲ್ಲಿ ಕೂರಲಾರಳು.

ಹೋದ ವಾರದಿಂದಂತೂ ಅವಳ ತಳಮಳ ಹೇಳತೀರದು. ಕ್ಷೌರಿಕರಿಗಿದ್ದ ವಿನಾಯಿತಿಯನ್ನು ಸರ್ಕಾರ ತೆಗೆದುಹಾಕಿತ್ತು, ಗಡ್ಡ ಅವರವರೇ ಹೆರೆದುಕೊಳ್ಳಬಹುದೆಂಬ ಕಾರಣಕ್ಕೆ. ಮಂಗಳವಾರ ಅವಳು ನಾದಿ ಉಬ್ಬಿಸಿದ ಹಿಟ್ಟಿನ ಉಂಡೆಗಳ ಮುಂದೆ ನಿಂತಾಗಲೇ ಎದುರು ಕ್ಷೌರದಂಗಡಿಯ ಮುಂದೆ ದಂಡಿನ ಲಾರಿ ಬಂದು ನಿಂತಿತು. ಕ್ಷೌರಿಕ ಒಂದು ಗಂಟು ಹಿಡಿದು ಹತ್ತಿದ. ಅಂಗಡಿಯೊಳಗೆ ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿಯೊಬ್ಬ ಹೊರಗೆ ಬಂದು, ಏನು ಮಾಡಬೇಕೆಂದು ತಿಳಿಯದೆ, ಅದೇ ಮುಖದಲ್ಲಿ ಕೈ ಬೀಸಿದ. ಬೇಕರಿಯಕ್ಕನ ಕಣ್ಣು ಕಿಟಕಿಯಲ್ಲಿತ್ತು. ಕೈ ತನ್ನ ಪಾಡಿಗೆ ತಾನು ಅಚ್ಚು ಒತ್ತುತ್ತಾ ಹೋಯಿತು. ಅಚ್ಚುಗಳಿಗೆ ಗೋಡೆಯಲ್ಲಿ ಆರು ಮೊಳೆ. ನಿನ್ನೆಯದನ್ನು ಮೊಳೆಗೆ ಹಾಕಿದ ಮೇಲೆಯೇ ಇವತ್ತಿನದನ್ನು ತೆಗೆಯಬೇಕೆಂದು ಮೈದುನ ಹೇಳಿಕೊಟ್ಟು ಹೋಗಿದ್ದ. ಸೋಮವಾರದ ಅಚ್ಚು ಹಿಂದಿನ ದಿನದಿಂದ ಮೇಜಿನ ಮೇಲೇ ಬಿದ್ದಿತ್ತು. ಕೈಗೆ ಸಿಕ್ಕಿದ್ದು ಅದು.

ಬುಧವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಸಾಲಿನ ತಲೆಯಲ್ಲಿ ಎಂದಿನಂತೆ ನಿವೃತ್ತ ಮೇಷ್ಟ್ರು. ಅವರು ಬ್ರೆಡ್ಡನ್ನು ತೆಗೆದುಕೊಂಡ ಕೂಡಲೇ ಚೀಲಕ್ಕೆ ಹಾಕುವವರಲ್ಲ. ಮಕ್ಕಳ ಉತ್ತರಪತ್ರಿಕೆಯ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಬೇಕು.

"ಏನಮ್ಮಾ, ನಿನ್ನೆ ಕೊಟ್ಟಿದ್ದೂ ಸೋಮವಾರದ್ದು, ಇವತ್ತು ಕೊಟ್ಟಿದ್ದೂ ಸೋಮವಾರದ್ದು. ನಿಮ್ಮನೇಲಿ ಮಂಗಳವಾರ ಬರಲ್ವಾ?"

ಬೇಕರಿಯಕ್ಕ ಬ್ರೆಡ್ಡನ್ನು ಕಸಿದುಕೊಂಡು ನೋಡಿದಳು. ಹಲಗೆಯ ಮೇಲಿದ್ದ ಇನ್ನೊಂದನ್ನು ತಿರುಗಿಸಿದಳು, ಮತ್ತೊಂದನ್ನು ತಿರುಗಿಸಿದಳು. ಎಲ್ಲದರ ನೆತ್ತಿಯ ಮೇಲೂ ಸೋಮವಾರ ಸ್ಪಷ್ಟವಾಗಿ, ಅಂದವಾಗಿ, ಒಂದಕ್ಷರ ಅಳಿಸದೆ ಕೂತಿತ್ತು. ಇಷ್ಟು ಚೆನ್ನಾಗಿ ಅವಳು ಯಾವತ್ತೂ ಅಚ್ಚು ಒತ್ತಿರಲಿಲ್ಲ.

"ಅಚ್ಚು ತಪ್ಪೋಗಿದೆ ಮೇಷ್ಟ್ರೇ. ಬ್ರೆಡ್ಡು ನಿನ್ನೆದೇ. ನನ್ನಾಣೆಗೂ ನಿನ್ನೆದೇ."

"ಅಯ್ಯೋ," ಎಂದಳು ಮೇಷ್ಟರ ಹಿಂದೆ ನಿಂತ ಇಸ್ತ್ರಿ ಅಂಗಡಿಯವಳು. "ಸೇತುವೆ ಆಚೆ ಯಾರಿಗೋ ಅಚ್ಚು ತಪ್ಪಿದ್ದಕ್ಕೆ ಅಂಗಡಿಗೇ ಬೀಗ ಜಡಿದ್ರಂತೆ ಕಣಕ್ಕಾ."

"ಯಾರು ಹೇಳಿದ್ರು?"

"ಯಾರೋ ಹೇಳಿದ್ರು."

ಯುದ್ಧಕಾಲದಲ್ಲಿ ಪತ್ರಿಕೆ ರೇಡಿಯೋಗಳಿಗಿಂತ ಈ 'ಯಾರೋ' ಎನ್ನುವವನ ಮಾತಿಗೇ ಬೆಲೆ ಜಾಸ್ತಿ. ಬೇಕರಿಯಕ್ಕನಿಗೆ ಬೀಗ ಕಣ್ಣಿಗೆ ಕಟ್ಟಿತು, ಆರಿದ ಭಟ್ಟಿ ಕಣ್ಣಿಗೆ ಕಟ್ಟಿತು, ಲಾರಿಯ ಹಿಂಬದಿ ಕಣ್ಣಿಗೆ ಕಟ್ಟಿತು. ಒಳಗೆ ಗಂಡ ಏನೂ ಅರಿಯದೆ ಇವತ್ತಿನ ಹಿಟ್ಟನ್ನು ದಪದಪ ಗುದ್ದುತ್ತಿದ್ದ.

"ಗಾಬರಿ ಆಗ್ಬೇಡ," ಎಂದರು ಮೇಷ್ಟ್ರು. ಪಾಠ ಮಾಡಲು ಬಹಳ ದಿನದ ಮೇಲೆ ತರಗತಿ ಸಿಕ್ಕಿತ್ತು, ದನಿ ತಾನಾಗಿ ಏರಿತು. "ಬಿಸಿ ಬ್ರೆಡ್ಡು ಮಾರೋದು ತಪ್ಪು. ಹಳೇ ಬ್ರೆಡ್ಡು ಮಾರೋದು ತಪ್ಪು ಅಂತ ಯಾವ ಆಜ್ಞೆಯಲ್ಲೂ ಇಲ್ಲ. ಸೋಮವಾರ ಅಂತ ಇದ್ಯಾ? ಸೋಮವಾರದ್ದೇ. ಮಾರಾಟ ಆಗ್ದೆ ಉಳೀತು. ಮುಗೀತು."

"ನಂಬ್ತಾರಾ? ಚೂರು ಕೆಳಗೆ ಬಿದ್ರೆ ಹೆಕ್ಕಿ ತಿನ್ನೋ ಕಾಲ ಇದು."

"ನಂಬಿಸೋಣ. ನಾವಿಷ್ಟು ಜನ ಇದೀವಿ."

ಸಾಲಿನಲ್ಲಿ ತಲೆಗಳು ಅಲ್ಲಾಡಿದವು. ಬೀಗ ಬಿದ್ದರೆ ಬ್ರೆಡ್ಡಿಗೆ ಸೇತುವೆ ದಾಟಬೇಕು, ಅಲ್ಲಿಯ ಸಾಲು ನದಿಗಿಂತ ಉದ್ದ. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಮೂಗು ಬಂತು, ಮೂಗು!" ಎಂದರು.

ಮೂಗು ಎಂದರೆ ಆಹಾರ ಇಲಾಖೆಯ ಇನ್ಸ್‌ಪೆಕ್ಟರು. ಬಿಸಿ ಬ್ರೆಡ್ಡನ್ನು ಬೀದಿಯ ತುದಿಯಿಂದಲೇ ಮೂಸಿ ಹಿಡಿಯುತ್ತಾರೆಂದು ಅವರಿಗೆ ಆ ಹೆಸರು. ನಿಜ ಹೇಳಬೇಕೆಂದರೆ ಬಹಳ ಸಾಧು ಮನುಷ್ಯ. ಪ್ಯಾಂಟಿನ ಸೊಂಟ ಯುದ್ಧಕ್ಕೆ ಮುಂಚಿನದು, ಹೊಟ್ಟೆ ಈಗಿನದು, ಹಾಗಾಗಿ ನಡೆಯುವಾಗ ಒಂದು ಕೈ ಸದಾ ಬೆಲ್ಟಿನ ಮೇಲೆ. ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಬಂದರು, ಒಂದು ಬ್ರೆಡ್ಡು ಎತ್ತಿಕೊಂಡರು, ನೆತ್ತಿ ನೋಡಿದರು. ಹುಬ್ಬು ಮೇಲೇರಿತು.

"ಸೋಮವಾರದ್ದು?"

"ಹೂಂ ಸಾರ್," ಎಂದಳು ಬೇಕರಿಯಕ್ಕ.

"ಹಲಗೆ ತುಂಬಾ ಸೋಮವಾರದ್ದು? ಇಷ್ಟೊಂದು ಉಳೀತಾ?"

"ಉಳೀದೆ ಏನು ಮಾಡತ್ತೆ ಸಾರ್?" ಮೇಷ್ಟ್ರು ಮುಂದೆ ಬಂದರು. "ತಿನ್ನೋ ಹಾಗಿದ್ರೆ ತಾನೆ? ಇದರಲ್ಲಿ ಹಿಟ್ಟಿಗಿಂತ ಹೊಟ್ಟು ಜಾಸ್ತಿ."

"ಹೊಟ್ಟಾದ್ರೆ ದನಾನಾದ್ರೂ ತಿನ್ನತ್ತೆ," ಎಂದಳು ಇಸ್ತ್ರಿ ಅಂಗಡಿಯವಳು. "ಇದು ಮರದ ಪುಡಿ ಸಾರ್. ನಮ್ಮನೆ ಬೆಕ್ಕು ಮೂಸಿ ನೋಡಿ, ನನ್ನ ಮುಖ ನೋಡಿ, ಎದ್ದು ಹೋಯ್ತು."

ಆಮೇಲೆ ಯಾರನ್ನೂ ಹಿಡಿಯುವ ಹಾಗಿರಲಿಲ್ಲ. ಇಷ್ಟು ದಿನ ಮುಲಾಜಿಗೆ ನುಂಗಿಕೊಂಡಿದ್ದನ್ನೆಲ್ಲ ಇವತ್ತು ಪುಣ್ಯದ ಕೆಲಸವೆಂಬಂತೆ ಕಕ್ಕಿದರು. ಒಬ್ಬ ಮುದುಕ ಬಾಯಿಂದ ಕಟ್ಟಿಸಿದ ಹಲ್ಲಿನ ಸೆಟ್ಟನ್ನೇ ತೆಗೆದು, ಇದು ಬ್ರೆಡ್ಡಿನೊಳಗೆ ಹೇಗೆ ಸಿಕ್ಕಿಕೊಂಡಿತ್ತೆಂದು ತೋರಿಸಿದ. ಕಿಟಕಿಗೆ ಕಪ್ಪು ಕಾಗದ ಅಂಟಿಸಲು ಗೋಂದಿನ ಬದಲು ಇದರ ತಿರುಳನ್ನೇ ಕಲಸಿ ಹಚ್ಚಿದೆನೆಂದು ಇನ್ನೊಬ್ಬಳು. ಸೈರನ್ ಆದಾಗ ತಲೆಯ ಮೇಲೆ ಇಟ್ಟುಕೊಂಡರೆ ಬಾಂಬಿಗೂ ಜಗ್ಗದೆಂದು ಮತ್ತೊಬ್ಬ. ಬೇಕರಿಯಕ್ಕ ಒಂದೊಂದಕ್ಕೂ "ಹೌದು ಸಾರ್, ನಿಜ ಸಾರ್," ಎಂದು ತಲೆಯಾಡಿಸಿದಳು.

ಹಿಟ್ಟು ಗುದ್ದುವ ಸದ್ದು ನಿಂತಿದ್ದು ಅವಳ ಕಿವಿಗೆ ಬೀಳಲೇ ಇಲ್ಲ. ತಿರುಗಿ ನೋಡಿದರೆ ಗಂಡ ಒಳಬಾಗಿಲಲ್ಲಿ ನಿಂತಿದ್ದ, ಮೊಣಕೈವರೆಗೂ ಹಿಟ್ಟು, ಮುಖದಲ್ಲಿ ಹಿಟ್ಟಿಗಿಂತ ಬಿಳುಪು. ಬೇಕರಿಯವ ಸ್ವಭಾವತಃ ಮಾತಿನವನಲ್ಲ, ಜಗಳದವನಲ್ಲ. ಆದರೆ ತನ್ನ ಬ್ರೆಡ್ಡಿಗೆ ಉಪ್ಪು ಒಂದು ಚಿಟಿಕೆ ಕಡಿಮೆ ಎಂದವರ ಜೊತೆ ವರ್ಷಗಟ್ಟಲೆ ಮಾತು ಬಿಟ್ಟವನು.

"ಯಾರದು ಮರದ ಪುಡಿ ಅಂದಿದ್ದು?"

"ರೀ, ಒಳಗೆ ಹೋಗಿ."

"ಯಾರದು ಅಂದೆ?"

"ಒಳಗೆ ಹೋಗೀಂದ್ರೆ!" ಎಂದು ಅವಳು ಕಣ್ಣಲ್ಲೇ ಕೈಮುಗಿದಳು. ಅವನಿಗೆ ಏನೂ ಅರ್ಥವಾಗಲಿಲ್ಲ. ಆದರೆ ಹೆಂಡತಿಯ ಆ ಕಣ್ಣನ್ನು ಅವನು ಒಮ್ಮೆ ಮಾತ್ರ ನೋಡಿದ್ದ, ತಮ್ಮನನ್ನು ರೈಲು ಹತ್ತಿಸಿದ ದಿನ. ಬಾಯಿ ಮುಚ್ಚಿಕೊಂಡ. ಒಳಗಂತೂ ಹೋಗಲಿಲ್ಲ.

ಇನ್ಸ್‌ಪೆಕ್ಟರು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ಬೆಲ್ಟು ಮೇಲೆಳೆದುಕೊಂಡರು. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದರು:

"ಒಳ್ಳೇದಾಯ್ತು. ನನಗೂ ಮೇಲಿಂದ ಒಂದೇ ಒತ್ತಾಯ. ಸಣ್ಣ ಸಣ್ಣ ಬೇಕರಿಗಳಲ್ಲಿ ಸೌದೆ ದಂಡ, ಯಾವುದು ಬೇಡ ನೋಡಿ ಮುಚ್ಚಿಸಿ, ಸೇತುವೆ ಆಚೆಯ ದೊಡ್ಡ ಬೇಕರಿಗೆ ಸೇರಿಸಿ ಅಂತ. ಮುಚ್ಚಿಸಿ ಅನ್ನೋಕೆ ನಂಗೇ ಮನಸ್ಸು ಬರ್ತಿರ್ಲಿಲ್ಲ. ಈಗ ನೀವೇ ಹೇಳ್ತಿದ್ದೀರಿ, ಈ ಬೀದಿಗೆ ಈ ಬ್ರೆಡ್ಡು ಬೇಡ, ಉಳಿದುಹೋಗತ್ತೆ ಅಂತ. ಇವತ್ತು ಇದನ್ನ ಮಾರ್ಕೊಳ್ಳಿ. ನಾನು ಬರೆದು ಕಳಿಸ್ತೀನಿ."

ಮುದುಕ ಹಲ್ಲಿನ ಸೆಟ್ಟನ್ನು ಮೆತ್ತಗೆ ಬಾಯೊಳಗೆ ಇಟ್ಟುಕೊಂಡ.

"ಸಾರ್," ಎಂದರು ಮೇಷ್ಟ್ರು, "ತಿನ್ನೋಕಾಗಲ್ಲ ಅಂತ ನಾನು ಹೇಳಿದ್ದು... ಒಂದು ಅರ್ಥದಲ್ಲಿ."

"ಬೆಕ್ಕಿಗೆ ಹುಷಾರಿರ್ಲಿಲ್ಲ ಸಾರ್ ಅವತ್ತು," ಎಂದಳು ಇಸ್ತ್ರಿ ಅಂಗಡಿಯವಳು.

"ಹೊಟ್ಟು ಮೈಗೆ ಒಳ್ಳೇದಂತೆ."

"ಸೋಮವಾರ ಯಾರಿಗೂ ಹಸಿವೇ ಆಗಿರ್ಲಿಲ್ಲ ಸಾರ್, ಹವೆ ಹಾಗಿತ್ತು."

ಇನ್ಸ್‌ಪೆಕ್ಟರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಕೈಯಲ್ಲಿದ್ದ ಬ್ರೆಡ್ಡನ್ನು ಹೆಬ್ಬೆರಳಿನಿಂದ ಅದುಮಿದರು. ಅದು ತಗ್ಗಿ, ನಿಧಾನವಾಗಿ ಮತ್ತೆ ಎದ್ದಿತು. ಅದುಮಿದ್ದು ಅವರು, ಉಸಿರು ಕಟ್ಟಿದ್ದು ಬೇಕರಿಯಕ್ಕನಿಗೆ.

"ಇದು ಸೋಮವಾರದ್ದಲ್ಲ," ಎಂದರು, ಅವಳೊಬ್ಬಳಿಗೇ ಕೇಳುವ ಹಾಗೆ. "ಅಚ್ಚು ತಪ್ಪಿದ್ಯಾ?"

ಅವಳು ಗಲ್ಲೆಯ ಮೇಲೆ ಬಾಗಿದಳು. "ತಪ್ಪಿದ್ರೆ ಏನು ಮಾಡ್ತೀರಾ ಸಾರ್? ಬೀಗ ಹಾಕ್ತೀರಾ?"

"ಬೀಗಾನಾ? ಯಾರು ಹೇಳಿದ್ರು? ಅಚ್ಚು ತಪ್ಪಿದ ಬ್ರೆಡ್ಡನ್ನ ಮಾರುವ ಹಾಗಿಲ್ಲ, ಅಷ್ಟೇ. ಎಲ್ಲಾನೂ ಗಾಡಿಗೆ ಹಾಕಿಸಿ ದಂಡಿನ ಆಸ್ಪತ್ರೆಗೆ ಕಳಿಸಬೇಕು. ಇವತ್ತಿನ ಕೂಪನ್ ಇವತ್ತಿಗೇ ಸರಿ, ನಾಳೆ ನಡೆಯಲ್ಲ. ಅಂಗಡಿ ಅಂಗಡಿಯ ಹಾಗೇ ಇರತ್ತೆ." ಇನ್ನೊಂದು ನಿಟ್ಟುಸಿರು. "ಎರಡರಲ್ಲಿ ಒಂದು ಹೇಳಿ ತಾಯಿ. ಸೋಮವಾರದ್ದು ಅಂದ್ರೆ ಇವರು ತಗೊಂಡು ಹೋಗ್ತಾರೆ, ನಾನು ಬರೀತೀನಿ. ಮಂಗಳವಾರದ್ದು ಅಂದ್ರೆ ನಾನು ತಗೊಂಡು ಹೋಗ್ತೀನಿ."

ಅವರು ಮೆಲ್ಲಗೆ ಹೇಳಿದ್ದು ಹೌದು. ಹಸಿದವರ ಕಿವಿ ಬಹಳ ಚುರುಕು. ಸಾಲಿನ ತುದಿಯವರೆಗೂ ಮಾತು ತಲುಪಿತು.

ಬೇಕರಿಯಕ್ಕ ಗಲ್ಲೆಯ ಆಚೆ ನೋಡಿದಳು. ದಿನಾ ನೋಡುವ ಮುಖಗಳೇ. ಆದರೆ ಈಗ ಯಾವುದೂ ಅವಳ ಕಡೆಗಿರಲಿಲ್ಲ, ಎಲ್ಲವೂ ಹಲಗೆಯ ಕಡೆಗಿದ್ದವು. ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಒರೆಸಿ ಹಾಕಿಕೊಂಡು ಮತ್ತೆ ತೆಗೆದು ಒರೆಸಿದರು. ಮೊದಲು ಬಾಯಿ ಬಿಟ್ಟವಳು ಟ್ರಾಮ್ ಕಂಡಕ್ಟರನ ಹೆಂಡತಿ. ಇದುವರೆಗೆ ಬ್ರೆಡ್ಡನ್ನು ಹಳಿಯದೆ ಸುಮ್ಮನೆ ನಿಂತಿದ್ದವಳು ಅವಳೊಬ್ಬಳೇ. ಗಂಡ ದಂಡಿಗೆ ಹೋಗಿ ವರ್ಷವಾಗಿತ್ತು. ಅವನ ಟಿಕೆಟ್ ಚೀಲವನ್ನೇ ಹೆಗಲಿಗೆ ಹಾಕಿಕೊಂಡು ಅವಳೇ ಈಗ ಟ್ರಾಮಿನಲ್ಲಿ ಟಿಕೆಟ್ ಹರಿಯುತ್ತಿದ್ದಳು.

"ಸೋಮವಾರದ್ದು ಅನ್ನು."

"ಅಕ್ಕಾ, ನಿಮಗೆ ಗೊತ್ತಲ್ಲಾ... ಅಂಗಡಿ ಹೋದ್ರೆ ಇವರನ್ನ..." ಎಂದು ಬೇಕರಿಯಕ್ಕ ಒಳಬಾಗಿಲ ಕಡೆ ನೋಡಿದಳು.

"ಗೊತ್ತು. ನಮ್ಮನೆಯವರು ಹೋಗ್ಲಿಲ್ವಾ? ಕ್ಷೌರದವನು ನಿನ್ನೆ ಹೋಗ್ಲಿಲ್ವಾ? ನಿನ್ನ ಮೈದುನ ಹೋದಾಗ ನೀನೇ ಹೇಳಿದ್ದೆ, ಎಲ್ಲರಿಗೂ ಆಗೋದು ನಮಗೂ ಆಗತ್ತೆ ಅಂತ. ಮನೇಲಿ ನಂಗೆ ಮೂರು ಮಕ್ಕಳಿದಾವೆ. ನಿನ್ನೆ ರಾತ್ರಿಗೇ ಬ್ರೆಡ್ಡು ಅಲ್ಲಿಗಲ್ಲಿಗೆ ಮುಗೀತು. ಸೋಮವಾರದ್ದು ಅನ್ನು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಟಿಕೆಟ್ ಟಿಕೆಟ್ ಎಂದು ಕೂಗಿ ಕೂಗಿ ಸವೆದ ದನಿ, ಅಷ್ಟೇ. ಸಿಟ್ಟಿದ್ದಿದ್ದರೆ ಬೇಕರಿಯಕ್ಕನಿಗೆ ಅನುಕೂಲವಾಗುತ್ತಿತ್ತು. ಮಾತಿಗೆ ಮಾತು ಬೆಳೆಸಿ, ಜಗಳದ ಬಿಸಿಯಲ್ಲಿ ಉತ್ತರ ತಾನಾಗಿ ಬಾಯಿಂದ ಬಿದ್ದುಹೋಗುತ್ತಿತ್ತು. ಈಗ ತಣ್ಣಗೆ, ತಾನೇ ಎತ್ತಿ ಹೊರಗಿಡಬೇಕಿತ್ತು.

"ಮಂಗಳವಾರದ್ದು ಸಾರ್," ಎಂದಳು.

"ಜೋರಾಗಿ ಹೇಳಿ ತಾಯಿ. ಎಲ್ಲರ ಎದುರಿಗೆ ಆಗಬೇಕು."

"ಮಂಗಳವಾರದ್ದು! ಅಚ್ಚು ಒತ್ತಿದ್ದು ನಾನು. ತಪ್ಪಿದ್ದು ನಾನು."

"ಅವಳಲ್ಲ ಸಾರ್, ನಾನು," ಎಂದು ಬೇಕರಿಯವ ಒಳಬಾಗಿಲಿಂದ ನುಗ್ಗಿ ಬಂದ. ವಿಷಯ ಪೂರ್ತಿ ತಲೆಗೆ ಹೋಗಿರಲಿಲ್ಲ. ಹೆಂಡತಿ ಯಾವುದೋ ತಪ್ಪು ಒಪ್ಪಿಕೊಳ್ಳುತ್ತಿದ್ದಾಳೆ, ತಾನು ಅಡ್ಡ ಬರಬೇಕು, ಅಷ್ಟು ಹೊಳೆದಿತ್ತು.

"ನೀವು ಸುಮ್ನಿರ್ರೀ! ನಿಮಗೆ ಸೋಮವಾರ ಯಾವುದು, ಶನಿವಾರ ಯಾವುದು ಅಂತ ಯಾವತ್ತು ಗೊತ್ತಿತ್ತು?"

ಬೇರೆ ದಿನವಾಗಿದ್ದರೆ ಸಾಲು ಗೊಳ್ಳೆಂದು ನಗುತ್ತಿತ್ತು. ಇವತ್ತು ಮುದುಕನೊಬ್ಬ ಕೆಮ್ಮಿದ.

ಗಾಡಿ ಬಂತು. ಜನ ಹೋಗಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತು. ಹೆಣ ಎತ್ತುವುದನ್ನು ನೋಡುವವರ ಹಾಗೆ ಎರಡೂ ಬದಿಗೆ ಸರಿದು ನಿಂತರು, ಬ್ರೆಡ್ಡಿನ ಬುಟ್ಟಿಗಳು ಅವರ ನಡುವೆ ಹಾದುಹೋದವು. ಗಾಯಾಳುಗಳ ಪಾಲಾದದ್ದರಿಂದ ಬಯ್ಯುವಂತೆಯೂ ಇರಲಿಲ್ಲ. ಬೇಕರಿಯಕ್ಕ ತನ್ನ ಮನೆಗೆ ತೆಗೆದಿಟ್ಟಿದ್ದ ಒಂದನ್ನು ಒಳಗಿಂದ ತಂದು ಕಂಡಕ್ಟರನ ಹೆಂಡತಿಯ ಕಡೆ ಚಾಚಿದಳು. ಇನ್ಸ್‌ಪೆಕ್ಟರು ಬೆಲ್ಟು ಹಿಡಿದುಕೊಂಡು, "ಅದಕ್ಕೂ ಸೋಮವಾರದ ಅಚ್ಚೇ ತಾನೆ?" ಎಂದು ಬಹಳ ಸಂಕಟದಿಂದ ಕೇಳಿ, ಅದನ್ನೂ ಬುಟ್ಟಿಗೆ ಹಾಕಿಸಿದರು.

ಅಂಗಡಿ ಖಾಲಿಯಾದ ಮೇಲೆ ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು: ಲಾರಿ, ಕ್ಷೌರಿಕ, ಅಚ್ಚು, ಮೇಷ್ಟರ ಉಪಾಯ, ಎರಡರಲ್ಲಿ ಒಂದು. ಅವನು ಹಿಟ್ಟು ನಾದುವ ತೊಟ್ಟಿಯ ಅಂಚಿಗೆ ಕೂತು, ಕೈಗೆ ಒಣಗಿ ಅಂಟಿದ ಹಿಟ್ಟನ್ನು ಉಗುರಿಂದ ಕೆರೆಯುತ್ತಾ ಕೇಳಿದ. ಕೇಳಿ ಮುಗಿದ ಮೇಲೆ ಇನ್ನೊಂದು ಕೈ ಕೆರೆಯತೊಡಗಿದ. ಅವಳು ಕಾದಳು. ಅಪ್ಪಿಕೊಳ್ಳುತ್ತಾನೋ, ಬೀದಿಯ ಅನ್ನ ಕಿತ್ತೆ ಎಂದು ಬಯ್ಯುತ್ತಾನೋ, ಯಾವುದಕ್ಕೂ ಸಿದ್ಧಳಾಗಿದ್ದಳು.

"ಆ ಮರದ ಪುಡಿ ಅಂದಿದ್ದು," ಎಂದ ಅವನು ಕೊನೆಗೆ, "ಸುಳ್ಳಿಗೆ ಅಂದಿದ್ದು ತಾನೆ?"

ಅವಳಿಗೆ ಬಂದ ಸಿಟ್ಟಿಗೆ ತೊಟ್ಟಿಯನ್ನೇ ಅವನ ತಲೆಯ ಮೇಲೆ ಕವುಚುವ ಹಾಗಾಯಿತು. ಇಡೀ ಬೀದಿಯನ್ನು ಉಪವಾಸ ಕೆಡವಿ ಉಳಿಸಿಕೊಂಡ ಗಂಡ!

"ಸುಳ್ಳಿಗೇ," ಎಂದಳು.

"ಹೊಟ್ಟು ಅಂದಿದ್ದು?"

"ಅದೂ ಸುಳ್ಳೇ ಕಣ್ರೀ. ಎದ್ದೇಳಿ, ಹಿಟ್ಟು ಹುಳಿಯಾಗತ್ತೆ."

ಅವನು ಎದ್ದ. ಆ ದಿನ ಅವನು ಹಿಟ್ಟನ್ನು ನಾದಿದ ಪರಿ ನೋಡಬೇಕಿತ್ತು, ಇಡೀ ಬೀದಿಯ ನಾಲಿಗೆಯೇ ಕೈಗೆ ಸಿಕ್ಕಿದ ಹಾಗೆ. ಅವಳು ಗೋಡೆಯ ಮುಂದೆ ನಿಂತು ಬುಧವಾರದ ಅಚ್ಚನ್ನು ತೆಗೆದಳು, ನೋಡಿದಳು, ಮೊಳೆಗೆ ಹಾಕಿದಳು, ಮತ್ತೆ ತೆಗೆದಳು. ಪ್ರತಿ ಉಂಡೆಗೂ ಒತ್ತುವ ಮುಂಚೆ "ಬುಧವಾರ" ಎಂದು ಬಾಯಿಬಿಟ್ಟು ಹೇಳಿಕೊಂಡಳು. ಮಧ್ಯಾಹ್ನ ಘಮ ಎದ್ದಿತು. ಹಿಂಗೋಡೆಯ ಹತ್ತಿರ ಯಾರೂ ಬಂದು ನಿಲ್ಲಲಿಲ್ಲ. ಎದುರಿನ ಮನೆಗಳಲ್ಲಿ ಒಂದೊಂದೇ ಕಿಟಕಿ ಮುಚ್ಚಿಕೊಂಡ ಸದ್ದು ಕೇಳಿಸಿತು.

ಗುರುವಾರ ಬೆಳಿಗ್ಗೆ ಬಾಗಿಲು ತೆರೆಯಲು ಅವಳಿಗೆ ಕೈ ಬರಲಿಲ್ಲ. ಕಲ್ಲು ಬೀಳಬಹುದು, ಬೈಗುಳ ಬೀಳಬಹುದು, ಯಾರೂ ಬರದೇ ಇರಬಹುದು. ತೆರೆದರೆ ಎಲ್ಲರೂ ಬಂದಿದ್ದರು, ಎಂದಿನ ಸಾಲು, ಎಂದಿನ ಚೀಲಗಳು. ಮೇಷ್ಟ್ರು ಕೂಪನ್ ಕೊಟ್ಟರು, ಬ್ರೆಡ್ಡು ತೆಗೆದುಕೊಂಡರು. ತಿರುಗಿಸಿ ನೋಡದೆ ಚೀಲಕ್ಕೆ ಹಾಕಿಕೊಂಡರು.

"ಯಜಮಾನ್ರು ಚೆನ್ನಾಗಿದಾರಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು.

"ಚೆನ್ನಾಗಿದಾರೆ."

ಇಸ್ತ್ರಿ ಅಂಗಡಿಯವಳು ಮುಂದೆ ಬಂದಳು. "ಭಾವ ಚೆನ್ನಾಗಿದಾರಾ ಅಕ್ಕಾ?"

"ಚೆನ್ನಾಗಿದಾರೆ."

ಹಲ್ಲಿನ ಸೆಟ್ಟಿನ ಮುದುಕ ಕೇಳಿದ. ಅವನ ಹಿಂದಿನವಳು ಕೇಳಿದಳು, ಅವಳ ಹಿಂದಿನವರು ಕೇಳಿದರು. ಯಾರ ಮುಖದಲ್ಲೂ ಕುಹಕವಿಲ್ಲ, ಯಾರ ದನಿಯೂ ಏರಲಿಲ್ಲ. ದೂರದ ನೆಂಟರನ್ನು ವಿಚಾರಿಸುವಷ್ಟು ನಯವಾಗಿ ಒಬ್ಬರಾದ ಮೇಲೊಬ್ಬರು ಕೇಳಿದರು. ಒಬ್ಬೊಬ್ಬರಿಗೂ ಅವಳು ಉತ್ತರ ಕೊಡಬೇಕಾಯಿತು. ಒಳಗೆ ಗಂಡ, ಜನ ಇದ್ದಕ್ಕಿದ್ದಂತೆ ತನ್ನ ಮೇಲೆ ಇಷ್ಟು ಪ್ರೀತಿ ತೋರಿಸುತ್ತಿರುವುದು ನಿನ್ನೆಯ ಬೈಗುಳಕ್ಕೆ ಪಶ್ಚಾತ್ತಾಪವೆಂದು ತಿಳಿದು, ಸಣ್ಣಗೆ ಶಿಳ್ಳೆ ಹಾಕುತ್ತಾ ಹಿಟ್ಟು ಗುದ್ದುತ್ತಿದ್ದ.

ಶುಕ್ರವಾರವೂ ಕೇಳಿದರು. ಶನಿವಾರದ ಹೊತ್ತಿಗೆ ಅವರು ಬಾಯಿ ತೆರೆಯುವ ಮೊದಲೇ ಅವಳ ಬಾಯಿಂದ ಉತ್ತರ ಹೊರಡತೊಡಗಿತು. ಕೂಪನ್ ಹಿಡಿ, ಬ್ರೆಡ್ಡು ಕೊಡು, ಚೆನ್ನಾಗಿದಾರೆ. ಕೂಪನ್ ಹಿಡಿ, ಬ್ರೆಡ್ಡು ಕೊಡು, ಚೆನ್ನಾಗಿದಾರೆ. ತಲೆ ಎತ್ತದೆ, ಕಣ್ಣಿಗೆ ಕಣ್ಣು ಕೊಡದೆ, ಒಂದೇ ಉಸಿರಿನಲ್ಲಿ ಸಾಲನ್ನು ಮುಗಿಸಿ ಬಾಗಿಲು ಎಳೆದುಕೊಂಡರೆ ಸಾಕಾಗಿತ್ತು ಅವಳಿಗೆ. ಗಲ್ಲೆಯ ಮೇಲೆ ಒಂದು ಕೂಪನ್ ಬಂದು ಬಿತ್ತು, ಪಕ್ಕದಲ್ಲಿ ಟಿಕೆಟ್ ಚೀಲದ ತೊಗಲು ಪಟ್ಟಿ ಕಾಣಿಸಿತು. ಅದನ್ನು ನೋಡುವಷ್ಟರಲ್ಲಿ ಮಾತು ಆಡಿ ಆಗಿತ್ತು.

"ಚೆನ್ನಾಗಿದಾರೆ."

"ನಾನು ಕೇಳ್ಲಿಲ್ವಲ್ಲ," ಎಂದಳು ಕಂಡಕ್ಟರನ ಹೆಂಡತಿ.